ಕಾಂತತ್ವ ಎಲ್ಲಿಗೆ ಹೋಯಿತು?

ಅಯಸ್ಕಾಂತವನ್ನು ಚೆನ್ನಾಗಿ ಕಾಯಿಸಿದರೆ ಅದರ ಸೆಳೆತ ಅಡಗಿಹೋಗುತ್ತದೆ ಎಂಬುದು ಬಹುಕಾಲದಿಂದ ತಿಳಿದಿರುವ ಸಂಗತಿ. ಇದಕ್ಕೆ ಒಂದೊಂದು ಲೋಹಕ್ಕೂ ಒಂದೊಂದು ಮಿತಿಯುಂಟು: ಕಬ್ಬಿಣಕ್ಕೆ ಸುಮಾರು 770 ಡಿಗ್ರಿ ಸೆಲ್ಸಿಯಸ್, ನಿಕ್ಕಲ್ಲಿಗೆ ಸುಮಾರು 355. ವಿಜ್ಞಾನಿ ಪಿಯರ್ ಕ್ಯೂರಿಯ ನೆನಪಿಗೆ ಅದನ್ನು ಕ್ಯೂರಿ ಉಷ್ಣತೆ ಎನ್ನುತ್ತಾರೆ. ಎಲೆಕ್ಟ್ರಾನುಗಳಿಗೆ ‘ಸ್ಪಿನ್’ ಎಂಬ ಗುಣವೊಂದಿದೆ. ತಿರುಗುವ ಬುಗುರಿಯನ್ನು ನೆನೆದರೆ ಅದರ ಸ್ಥೂಲ ಕಲ್ಪನೆ ಬಂದೀತು. ಅಸಂಖ್ಯ ಸ್ಪಿನ್‌ಗಳು ಒಂದೇ ದಿಕ್ಕಿಗೆ ಮುಖಮಾಡಿ ನಿಂತಾಗ ಲೋಹವು ಅಯಸ್ಕಾಂತವಾಗುತ್ತದೆ. ಶಾಖವು ಈ ಶಿಸ್ತನ್ನು ಕೆಡಿಸುತ್ತದೆ.

ಆದರೆ ಶಿಸ್ತು ಕೆಡಲು ಎಷ್ಟು ಹೊತ್ತು ಬೇಕು? ಲೇಸರ್ ಬೆಳಕು ಲೋಹದ ಮೇಲೆ ಬಿದ್ದಾಗ ಮೊದಲು ಕಾಯುವುವು ಎಲೆಕ್ಟ್ರಾನುಗಳು. ಅವು ಪರಮಾಣುಗಳ ಸ್ಫಟಿಕ ಜಾಲಕ್ಕೆ ಶಾಖವನ್ನು ಹಂಚಬೇಕು, ಜಾಲವು ಸ್ಪಿನ್‌ಗಳನ್ನು ಕದಡಬೇಕು. ಗಡೋಲಿನಿಯಮ್ ಲೋಹದಲ್ಲಿ 1991ರಲ್ಲಿ ಅಳೆದಾಗ ಈ ಕೊನೆಯ ಹಂತಕ್ಕೆ ಸುಮಾರು 100 ಪಿಕೋಸೆಕೆಂಡು ಹಿಡಿದಿತ್ತು. ಪಿಕೋಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷಕೋಟಿಯಲ್ಲೊಂದು ಪಾಲು. ಅದರ ಸಾವಿರದಲ್ಲೊಂದು ಪಾಲು ಫೆಮ್ಟೋಸೆಕೆಂಡ್. ಸುಮಾರು ಮೂರು ಕೋಟಿ ವರ್ಷಗಳಲ್ಲಿ ಎಷ್ಟು ಸೆಕೆಂಡುಗಳಿವೆಯೋ, ಒಂದು ಸೆಕೆಂಡಿನಲ್ಲಿ ಅಷ್ಟು ಫೆಮ್ಟೋಸೆಕೆಂಡುಗಳಿವೆ.

1996ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬೂರ್ ನಗರದಲ್ಲಿ ಎರಿಕ್ ಬೋರ್ಪೇರ್, ಜಾನ್-ಈವ್ ಬಿಗೊ ಮತ್ತು ಸಂಗಡಿಗರು ನಿಕ್ಕಲ್ಲಿನ ಅತಿ ತೆಳುವಾದ ಪೊರೆಯೊಂದರ ಮೇಲೆ 60 ಫೆಮ್ಟೋಸೆಕೆಂಡಿನ ಲೇಸರ್ ಮಿಡಿತವನ್ನು ಹಾಯಿಸಿದರು. ಅದರ ಬೆನ್ನಿಗೇ ಕ್ಷೀಣವಾದ ಇನ್ನೊಂದು ಮಿಡಿತವನ್ನು ಕಳುಹಿಸಿ ಕಾಂತತ್ವ ಎಷ್ಟು ಉಳಿದಿದೆಯೆಂದು ನೋಡಿದರು. ಅಯಸ್ಕಾಂತದಿಂದ ಪ್ರತಿಫಲಿಸಿದ ಬೆಳಕಿನ ಕಂಪನದ ದಿಕ್ಕು ಕೊಂಚ ಹೊರಳುತ್ತದೆ. ಆ ಹೊರಳುವಿಕೆಯೇ ಕಾಂತತ್ವದ ಅಳತೆ. ನೂರು ಪಿಕೋಸೆಕೆಂಡಿನ ಮಾತು ಹಾಗಿರಲಿ, ಒಂದೆರಡರೊಳಗಾಗಿಯೇ ಕಾಂತತ್ವ ಬಲುಮಟ್ಟಿಗೆ ಕುಸಿದಿತ್ತು!

ಭೌತವಿಜ್ಞಾನಿಗಳನ್ನು ಕಾಡಿದ್ದು ಈ ವೇಗವೊಂದೇ ಅಲ್ಲ. ಐನ್‌ಸ್ಟೈನ್ ಮತ್ತು ಡಿ ಹಾಸ್ 1915ರಲ್ಲಿ ನಡೆಸಿದ ಪ್ರಯೋಗವನ್ನು ಇಲ್ಲಿ ನೆನೆಯಬೇಕು. ದಾರದಲ್ಲಿ ತೂಗುಬಿಟ್ಟ ಕಬ್ಬಿಣದ ಸರಳಿನ ಕಾಂತತ್ವವನ್ನು ತಿರುಗುಮುರುಗು ಮಾಡಿದೊಡನೆ ಇಡೀ ಸರಳು ತಿರುಗತೊಡಗಿತು. ಎಂದರೆ ಕಾಂತತ್ವದ ಒಡಲಲ್ಲಿ ತಿರುಗುವಿಕೆಯೊಂದು ಅಡಗಿದೆ. ಅದರ ಪರಿಮಾಣವನ್ನು ಕೋನೀಯ ಸಂವೇಗ ಎನ್ನುತ್ತೇವೆ. ಪ್ರಕೃತಿಯಲ್ಲಿ ಅದು ಕೈ ಬದಲಾಯಿಸಬಹುದು, ನಾಶವಾಗದು. ಹಾಗಾದರೆ ನಿಕ್ಕಲ್ಲಿನ ಸ್ಪಿನ್‌ಗಳು ಕಳೆದುಕೊಂಡದ್ದನ್ನು ಅಷ್ಟು ಅಲ್ಪಕಾಲದಲ್ಲಿ ಪಡೆದುಕೊಂಡವರಾರು?

ಉತ್ತರಗಳು ಮುಖ್ಯವಾಗಿ ಎರಡು. ಕಾದ ಎಲೆಕ್ಟ್ರಾನುಗಳು ತಮ್ಮ ಸ್ಪಿನ್ನನ್ನು ಹೊತ್ತು ಪಕ್ಕದ ಪದರಕ್ಕೆ ಧಾವಿಸುತ್ತವೆ ಎಂದು 2010ರಲ್ಲಿ ಬತ್ತಿಯಾಟೊ, ಕಾರ್ವ ಮತ್ತು ಒಪ್ಪೆನೀರ್ ವಾದಿಸಿದರು. ಅದನ್ನು ಪಡೆಯುವುದು ಸ್ಫಟಿಕ ಜಾಲವೇ ಎಂಬುದು ಇನ್ನೊಂದು ಮತ. 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಎಕ್ಸ್-ಕಿರಣಗಳ ಲೇಸರಿನಿಂದ ಕಬ್ಬಿಣದ ಪೊರೆಯನ್ನು ಪರೀಕ್ಷಿಸಿದಾಗ, ಕಳೆದುಹೋದ ಕೋನೀಯ ಸಂವೇಗದ ಸುಮಾರು ಶೇಕಡ 80 ಭಾಗ 200 ಫೆಮ್ಟೋಸೆಕೆಂಡಿನೊಳಗೆ ಜಾಲಕ್ಕೆ ಸಂದಿತ್ತೆಂದು ತಿಳಿಯಿತು. 2022ರಲ್ಲಿ ಜರ್ಮನಿಯ ಕಾನ್‌ಸ್ಟಾನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮತ್ತು ಸಂಗಡಿಗರು ನಿಕ್ಕಲ್ಲಿನಲ್ಲಿ, ಪರಮಾಣುಗಳು ತಮ್ಮ ನೆಲೆಯ ಸುತ್ತ ಪುಟ್ಟ ಪುಟ್ಟ ವರ್ತುಲಗಳಲ್ಲಿ ಚಲಿಸುವ ಕುರುಹನ್ನು ಕಂಡರು. ಎರಡು ದಾರಿಗಳೂ ಸತ್ಯವೇ. ಯಾವುದರ ಪಾಲು ಎಷ್ಟೆಂಬುದು ಲೋಹವನ್ನೂ ಪದರಗಳ ಜೋಡಣೆಯನ್ನೂ ಅವಲಂಬಿಸಿದೆ.

ಇದು ಬರಿಯ ಕುತೂಹಲದ ಮಾತಲ್ಲ. ಗಣಕಯಂತ್ರದ ಕಾಂತೀಯ ತಟ್ಟೆಯಲ್ಲಿ ಬರೆಹವೆಂದರೆ ಕಾಂತತ್ವದ ದಿಕ್ಕನ್ನು ಬದಲಾಯಿಸುವುದೇ. ಕಾಂತಕ್ಷೇತ್ರದ ನೆರವಿಲ್ಲದೆ ಬೆಳಕೊಂದರಿಂದಲೇ ಹಾಗೆ ಬರೆಯಬಹುದೆಂದು ನೆದರ್ಲೆಂಡ್ಸಿನ ನೈಮೇಖನ್ನಿನಲ್ಲಿ 2007ರಲ್ಲಿ ತೋರಿಸಿಕೊಟ್ಟರು. ಕಾಂತತ್ವ ಹೋಗುವ ದಾರಿಯನ್ನು ಅರಿತಷ್ಟೂ ಅದನ್ನು ನಮಗೆ ಬೇಕಾದಂತೆ ನಡೆಸುವ ಹದ ಕೈಗೆ ಬರುತ್ತದೆ. ಕಣ್ಣಿಗೆ ಅಳಿದಂತೆ ಕಂಡದ್ದು ನಿಜಕ್ಕೂ ಅಳಿದಿರಲಿಲ್ಲ. ಪರಮಾಣುಗಳ ಸಣ್ಣ ಸುತ್ತಾಟವಾಗಿ ಲೋಹದಲ್ಲೇ ಉಳಿದಿತ್ತು.