ಕ್ಯಾನಬಿಡಿಯಾಲ್ ತೈಲ ಮತ್ತು ಚರ್ಮದ ಉಗ್ರ ವಿಕಾರ: ಕಾರಣನಿರ್ಣಯದ ಒಂದು ಸಮಸ್ಯೆ

ಗಾಂಜಾ ಗಿಡದಲ್ಲಿರುವ ಅಮಲೇರಿಸದ ವಸ್ತುಗಳಲ್ಲಿ ಮುಖ್ಯವಾದುದು ಕ್ಯಾನಬಿಡಿಯಾಲ್. ಇದನ್ನು ೧೯೪೦ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ರೋಜರ್ ಆಡಮ್ಸ್ ಮತ್ತು ಅವರ ಸಂಗಡಿಗರು ಬೇರ್ಪಡಿಸಿದರು. ಇದರ ಅಣುರಚನೆಯನ್ನು ೧೯೬೩ರಲ್ಲಿ ಇಸ್ರೇಲಿನ ರಾಫೆಲ್ ಮೆಶೂಲಮ್ ಮತ್ತು ಅವರ ಸಹೋದ್ಯೋಗಿಗಳು ನಿರ್ಧರಿಸಿದರು. ಶುದ್ಧೀಕರಿಸಿದ ಕ್ಯಾನಬಿಡಿಯಾಲಿನ ದ್ರಾವಣವು ೨೦೧೮ರಲ್ಲಿ ಅಮೆರಿಕದಲ್ಲಿ ಎರಡು ಬಗೆಯ ಕಠಿಣ ಅಪಸ್ಮಾರಗಳಿಗೆ ಔಷಧವೆಂದು ಅಂಗೀಕೃತವಾಯಿತು. ಇದಲ್ಲದೆ ನೋವು, ನಿದ್ರಾಹೀನತೆ, ಮನಃಕಳವಳಗಳ ಪರಿಹಾರಕ್ಕೆಂದು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದಾದ ತೈಲಗಳೂ ಅಲ್ಲಿ ಹೇರಳವಾಗಿವೆ. ಗಿಡದಿಂದ ಬಂದದ್ದು ನಿರಪಾಯಕರವೆಂಬ ನಂಬಿಕೆ ಇವುಗಳ ಬಳಕೆಗೆ ಒತ್ತಾಸೆಯಾಗಿದೆ. ಈ ನಂಬಿಕೆಯನ್ನು ಪ್ರಶ್ನಿಸುವ ಒಂದು ವಿಷಯವನ್ನು ಇಲ್ಲಿ ವಿವೇಚಿಸುವೆವು.

೧೯೨೨ರಲ್ಲಿ ನ್ಯೂಯಾರ್ಕಿನ ವೈದ್ಯರಾದ ಸ್ಟೀವನ್ಸ್ ಮತ್ತು ಜಾನ್ಸನ್ ಎಂಬವರು ಇಬ್ಬರು ಬಾಲಕರಲ್ಲಿ ಒಂದು ವಿಚಿತ್ರ ವ್ಯಾಧಿಯನ್ನು ಕಂಡರು. ಜ್ವರ, ಬಾಯಿಹುಣ್ಣು, ಕಣ್ಣುಗಳ ತೀವ್ರ ಉರಿಯೂತ, ಮೈಮೇಲೆ ದದ್ದುಗಳು ಅದರ ಲಕ್ಷಣಗಳಾಗಿದ್ದವು. ೧೯೫೬ರಲ್ಲಿ ಸ್ಕಾಟ್ಲೆಂಡಿನ ಲೈಯೆಲ್ ಎಂಬ ವೈದ್ಯರು, ಸುಡುನೀರು ಬಿದ್ದಂತೆ ಹೊರಚರ್ಮವು ಸುಲಿದುಹೋಗುವ ರೋಗವನ್ನು ವರ್ಣಿಸಿದರು. ಇವೆರಡೂ ಒಂದೇ ವ್ಯಾಧಿಯ ಎರಡು ಮಟ್ಟಗಳೆಂದು ಈಗ ಎಣಿಸಲಾಗಿದೆ. ಸುಲಿದ ಭಾಗವು ದೇಹದ ಮೇಲ್ಮೈಯ ನೂರಕ್ಕೆ ೧೦ಕ್ಕಿಂತ ಕಡಮೆಯಾದರೆ ಮೊದಲನೆಯದು, ೩೦ಕ್ಕಿಂತ ಹೆಚ್ಚಾದರೆ ಎರಡನೆಯದು. ದೇಹದ ರಕ್ಷಣೆಗೆ ನಿಂತ ಬಿಳಿರಕ್ತಕಣಗಳೇ ಚರ್ಮದ ಕೋಶಗಳ ಮೇಲೆರಗುವುದು ಇದಕ್ಕೆ ಮೂಲ. ಅವು ಸ್ರವಿಸುವ ಗ್ರಾನ್ಯುಲೈಸಿನ್ ಎಂಬ ಮಾರಕ ಪ್ರೋಟೀನು ಬೊಬ್ಬೆಗಳ ದ್ರವದಲ್ಲಿ ವಿಶೇಷವಾಗಿರುವುದು ೨೦೦೮ರಲ್ಲಿ ತಿಳಿದುಬಂದಿತು. ಬಹುಪಾಲು ಈ ಕೋಪಕ್ಕೆ ಪ್ರೇರಣೆ ಯಾವುದಾದರೊಂದು ಔಷಧವೇ. ರೋಗ ವಿರಳ, ಬಂದರೆ ಪ್ರಾಣಾಂತಿಕ. ಬದುಕಿದವರಲ್ಲಿಯೂ ದೃಷ್ಟಿ ಕುಂದುವುದುಂಟು.

ಮಾರಾಟದ ಕ್ಯಾನಬಿನಾಯ್ಡ್ ತೈಲವನ್ನು ಸೇವಿಸಿದ ಬಳಿಕ ಇಂಥ ವ್ಯಾಧಿ ತಲೆದೋರಿದ ಒಂದು ಪ್ರಕರಣವನ್ನು ಅಮೆರಿಕದ ವೈದ್ಯರು ೨೦೨೦ರಲ್ಲಿ ಪ್ರಕಟಿಸಿದರು. ಹಾಗಾದರೆ ತೈಲವೇ ಕಾರಣವೆನ್ನಬಹುದೆ? ಒಂದಾದ ಮೇಲೆ ಇನ್ನೊಂದು ಸಂಭವಿಸಿದ ಮಾತ್ರಕ್ಕೆ ಅವೆರಡಕ್ಕೂ ಕಾರ್ಯಕಾರಣಸಂಬಂಧ ಸಿದ್ಧಿಸದು. ಇಲ್ಲಿ ಮೂರು ತೊಡಕುಗಳಿವೆ.

ಮೊದಲನೆಯದು, ಸೀಸೆಯೊಳಗಿನ ವಸ್ತು. ಅಮೆರಿಕದಲ್ಲಿ ಮಾರಾಟಕ್ಕಿದ್ದ ೮೪ ಸರಕುಗಳನ್ನು ಪರೀಕ್ಷಿಸಿ ೨೦೧೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೀಟಿಯ ಮೇಲೆ ಬರೆದಷ್ಟೇ ಕ್ಯಾನಬಿಡಿಯಾಲ್ ಇದ್ದುದು ೨೬ರಲ್ಲಿ ಮಾತ್ರ. ಅಮಲಿನ ಅಂಶವು ೧೮ರಲ್ಲಿ ಕಂಡುಬಂದಿತು. ರೋಗಿಯು ಏನನ್ನು ಸೇವಿಸಿದನೆಂಬುದೇ ಹೀಗೆ ಸಂದಿಗ್ಧವಾಗುತ್ತದೆ.

ಎರಡನೆಯದು, ಜೊತೆಗೂಡಿದ ಎಣ್ಣೆ. ಅಂಗೀಕೃತ ಔಷಧದಲ್ಲಿಯೇ ಎಳ್ಳೆಣ್ಣೆಯುಂಟು. ಎಳ್ಳು ಒಗ್ಗದವರಿಗೆ ಅದರಿಂದ ಗಂಧೆ, ಉಬ್ಬಸಗಳು ಬರಬಹುದು. ಆದರೆ ಅವು ಬೇಗನೆ ತೋರುವಂಥವು; ಚರ್ಮ ಸುಲಿಯುವ ವ್ಯಾಧಿಯೋ ಸಾಮಾನ್ಯವಾಗಿ ಹೊಸ ಔಷಧವನ್ನು ಆರಂಭಿಸಿದ ೪ರಿಂದ ೨೮ ದಿನಗಳೊಳಗೆ ತೋರುತ್ತದೆ. ಇವೆರಡನ್ನು ಬೆರಸಿ ನೋಡಲಾಗದು.

ಮೂರನೆಯದು, ಇತರ ಔಷಧಗಳು. ಅಪಸ್ಮಾರದ ರೋಗಿಗಳು ಬಳಸುವ ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್‌ಗಳು ಈ ವ್ಯಾಧಿಗೆ ಪ್ರಸಿದ್ಧ ಕಾರಣಗಳು. ಕ್ಲೋಬಜಾಮ್ ಕುರಿತು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ೨೦೧೩ರಲ್ಲಿ ಇದೇ ಎಚ್ಚರಿಕೆಯನ್ನು ಕೊಟ್ಟಿತು. ಮೇಲಾಗಿ ಕ್ಯಾನಬಿಡಿಯಾಲ್ ಯಕೃತ್ತಿನ ಒಂದು ಕಿಣ್ವವನ್ನು ತಡೆದು, ಕ್ಲೋಬಜಾಮಿನಿಂದ ಹುಟ್ಟುವ ಸಕ್ರಿಯ ವಸ್ತುವನ್ನು ರಕ್ತದಲ್ಲಿ ಸುಮಾರು ಮೂರುಪಟ್ಟು ಹೆಚ್ಚಿಸಬಲ್ಲದು. ಎರಡನ್ನೂ ಸೇವಿಸುವ ರೋಗಿಯಲ್ಲಿ ಬೊಬ್ಬೆಗಳೆದ್ದರೆ ತಪ್ಪು ಯಾವುದರದು? ಅದೇ ವಸ್ತುವನ್ನು ಮತ್ತೆ ಕೊಟ್ಟು ನೋಡುವ ಪರೀಕ್ಷೆಯಿಂದ ಉತ್ತರ ದೊರೆಯಬಹುದಾದರೂ ಇಲ್ಲಿ ಅದು ಕೊಲೆಗೆ ಸಮಾನವಾದೀತು.

ಆದಕಾರಣ ಎರಡು ನಿರ್ಣಯಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕೆಂದು ನಾವು ಭಾವಿಸುತ್ತೇವೆ. ವಿಜ್ಞಾನದ ನಿರ್ಣಯಕ್ಕೆ ಅನೇಕ ಪ್ರಕರಣಗಳೂ ಸಾವಧಾನವೂ ಬೇಕು. ರೋಗಿಯ ಬಳಿ ನಿಂತವನಿಗೆ ಆ ಸಾವಧಾನವಿಲ್ಲ. ಕಾರಣವಾದ ವಸ್ತುವನ್ನು ಬೇಗ ನಿಲ್ಲಿಸಿದಷ್ಟೂ ಬದುಕುವ ಸಂಭವ ಹೆಚ್ಚು. ಜ್ವರದೊಡನೆ ಚರ್ಮ ನೋಯುವುದು, ಬಾಯಲ್ಲಿ ಹುಣ್ಣಾಗುವುದು, ಕಣ್ಣು ಕೆಂಪೇರುವುದು ಕಂಡರೆ ತೈಲವನ್ನು ಒಡನೆಯೇ ಬಿಟ್ಟು, ಅದೇ ದಿನ ಆಸ್ಪತ್ರೆಯನ್ನು ಸೇರಬೇಕು. ಅಪಸ್ಮಾರದ ಔಷಧಗಳನ್ನು ಥಟ್ಟನೆ ಬಿಟ್ಟರೆ ಸೆಳವು ಮರುಕಳಿಸುವ ಭಯವುಂಟಾದುದರಿಂದ ಅವನ್ನು ಬದಲಿಸುವ ತೀರ್ಮಾನ ವೈದ್ಯರದು. ಸೀಸೆಯನ್ನು ಎಸೆಯದೆ, ಮೊದಲ ಸೇವನೆಯ ದಿನವನ್ನು ಬರೆದಿಟ್ಟುಕೊಂಡು ಅವರಿಗೆ ಒಪ್ಪಿಸತಕ್ಕದ್ದು.

ಹೀಗೆ ದಾಖಲಾದ ಪ್ರಕರಣಗಳು ವ್ಯರ್ಥವಾಗುವುದಿಲ್ಲ. ಕಾರ್ಬಮಜೆಪಿನ್ನಿನ ವಿಷಯದಲ್ಲಿ ರೋಗಿಗಳನ್ನು ಒಟ್ಟುಗೂಡಿಸಿ ಪರೀಕ್ಷಿಸಿದ್ದರಿಂದಲೇ, ಅಪಾಯವನ್ನು ಮುಂಚಿತವಾಗಿ ಸೂಚಿಸುವ ಆನುವಂಶಿಕ ಗುರುತೊಂದು ೨೦೦೪ರಲ್ಲಿ ತೈವಾನಿನಲ್ಲಿ ದೊರೆಯಿತು. ನಮ್ಮ ದೇಶದಲ್ಲಿ ಔಷಧಗಳ ದುಷ್ಪರಿಣಾಮಗಳನ್ನು ಸಂಗ್ರಹಿಸುವ ಕಾರ್ಯಕ್ರಮವು ೨೦೧೦ರಿಂದ ನಡೆದಿದೆ. ಅದರ ಕೇಂದ್ರಗಳು ಅನೇಕ ವೈದ್ಯಕೀಯ ಕಾಲೇಜುಗಳಲ್ಲಿವೆ. ಒಬ್ಬ ರೋಗಿಯ ವರದಿಯಿಂದ ಕಾರಣ ಸಿದ್ಧವಾಗದಿರಬಹುದು. ಆದರೆ ಅಂಥ ವರದಿಗಳಿಲ್ಲದೆ ಅದು ಎಂದಿಗೂ ಸಿದ್ಧವಾಗದು.