ಪರವಾನಗಿ ಉಂಟು, ಗುರಿ ಎಲ್ಲಿ?

ರಾಯಚೂರಿನಲ್ಲಿ ಸೇವೆಯಲ್ಲಿದ್ದಾಗ ಆಯುಧ ಪರವಾನಗಿಯ ಕಡತಗಳು ನನ್ನ ಮೇಜಿಗೂ ಬರುತ್ತಿದ್ದವು. ಮಾನ್ವಿಯ ಭತ್ತದ ವರ್ತಕರು, ದೇವದುರ್ಗದ ಗುತ್ತಿಗೆದಾರರು, ನಗರದ ಹತ್ತಿ ವ್ಯಾಪಾರಿಗಳು ಆತ್ಮರಕ್ಷಣೆಯ ಕಾರಣ ನೀಡಿ ಅರ್ಜಿ ಸಲ್ಲಿಸುತ್ತಿದ್ದರು. ಯಾವ ಗುಂಡು ಹೆಚ್ಚು ಬಲಶಾಲಿ ಎಂಬ ಕುತೂಹಲ ಅವರಲ್ಲಿ ಅನೇಕರಿಗೆ.

ಲೆಕ್ಕವೇನೋ ಸರಳ. ಕಾನ್ಪುರದಲ್ಲಿ ತಯಾರಾಗುವ ಪಾಯಿಂಟ್ 32 ರಿವಾಲ್ವರಿನ ಸೀಸದ ಗುಂಡು ಸುಮಾರು 6 ಗ್ರಾಂ ತೂಗುತ್ತದೆ. ವೇಗ ಸೆಕೆಂಡಿಗೆ 200 ಮೀಟರಿನ ಆಸುಪಾಸು. ಪೊಲೀಸರು ಬಳಸುವ 9 ಎಂ.ಎಂ. ಗುಂಡು ಸುಮಾರು 7.5 ಗ್ರಾಂ, ವೇಗ 350 ಮೀಟರಿನಷ್ಟು. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿಯಾಗುವುದರಿಂದ, ಎರಡನೆಯದರ ಹೊಡೆತ ಮೊದಲನೆಯದರ ಮೂರು ಪಟ್ಟಿಗೂ ಮಿಗಿಲು. ಆದರೆ 9 ಎಂ.ಎಂ. ನಿಷೇಧಿತ ಬೋರ್. 1959ರ ಆಯುಧ ಕಾಯ್ದೆಯಂತೆ ಜಿಲ್ಲಾಧಿಕಾರಿ ಅದಕ್ಕೆ ಪರವಾನಗಿ ಕೊಡುವಂತಿಲ್ಲ.

ಇಷ್ಟಕ್ಕೂ ಬೆದರಿದ ಕೈಯಲ್ಲಿ ಯಾವ ಗುಂಡಾದರೂ ಗುರಿ ತಪ್ಪುತ್ತದೆ. ತಪ್ಪಿದ ಗುಂಡು ಬಲವಾದದ್ದಾದಷ್ಟೂ ತಗಡಿನ ಬಾಗಿಲು ತೂರಿ ನೆರೆಮನೆ ಸೇರುವ ಅಪಾಯ ಹೆಚ್ಚು. 2016ರ ಆಯುಧ ನಿಯಮಗಳು ಸುರಕ್ಷತಾ ತರಬೇತಿಯನ್ನು ವಿಧಿಸಿವೆ, ನಿಜ. ಪ್ರಮಾಣಪತ್ರದಿಂದ ಕೈ ಪಳಗೀತೇ? ಬಹುತೇಕ ರಿವಾಲ್ವರುಗಳು ತಿಜೋರಿ ಬಿಟ್ಟು ಹೊರಬರುವುದು ಚುನಾವಣೆ ಬಂದಾಗ, ಠಾಣೆಗೆ ಒಪ್ಪಿಸಲು!

ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಮು ಯಾರಿಗೂ ನೀಡಿಲ್ಲ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ನವೀಕರಣದ ಅರ್ಜಿಯೊಂದಿಗೆ ಗುರಿ ಅಭ್ಯಾಸದ ದಾಖಲೆಯನ್ನೂ ಕೇಳುವುದು ಅವಶ್ಯ. ಅದಕ್ಕಾಗಿ ಜಿಲ್ಲಾ ಪೊಲೀಸರು ವರ್ಷಕ್ಕೆ ಒಂದೆರಡು ದಿನ ಮೀಸಲಿಟ್ಟರೂ ಸಾಕು.