ಮರೆತ ಕಸುಬು ನೆನಪಿಸಿಕೊಂಡ ಶಿಲೀಂಧ್ರ

ಬಾಗಲಕೋಟೆ ಸೀಮೆಯ ದಾಳಿಂಬೆ ಬೆಳೆಗಾರರ ಮುಂದೆ ಶಿಲೀಂಧ್ರ ಅಂದರೆ ಸಾಕು, ಮಾತು ಸೊರಗು ರೋಗಕ್ಕೇ ಹೋಗುತ್ತದೆ. ತೋಟ ಒಣಗಿಸುವ ಜೀವಿಯನ್ನು ಹೊಗಳುವವರಾರು? ಆದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ವಿಜ್ಞಾನಿ ಆರ್. ಉಮಾಶಂಕರ್ ಅವರ ತಂಡ ಬೆನ್ನು ಹತ್ತಿದ್ದು, ಗಿಡಕ್ಕೆ ಕೇಡು ಮಾಡದೆ ಅದರೊಳಗೇ ಬಾಳುವ ಶಿಲೀಂಧ್ರಗಳನ್ನು.

ಪಶ್ಚಿಮ ಘಟ್ಟದಲ್ಲಿ ನಥಾಪೊಡೈಟಿಸ್ ಎಂಬ ಮರವಿದೆ. ಹೂ ಬಿಟ್ಟರೆ ಗಬ್ಬುನಾತ. ಅದರಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ರಾಸಾಯನಿಕ ಸಿಗುತ್ತದೆ. ಅಮೆರಿಕದಲ್ಲಿ ಮನ್ರೋ ವಾಲ್ ಮತ್ತು ನಂದುರಬಾರ್ ಮೂಲದ ಮನ್ಸುಖ್ ವಾಣಿ 1966ರಲ್ಲಿ ಚೀನಾದ ಮರವೊಂದರಿಂದ ಇದರ ರಚನೆ ಬಿಡಿಸಿದ್ದರು; ಇದರಿಂದ ಹುಟ್ಟಿದ ಕ್ಯಾನ್ಸರ್ ಔಷಧಗಳು ಇಂದಿಗೂ ಬಳಕೆಯಲ್ಲಿವೆ. ಔಷಧದ ಬೇಡಿಕೆಗೆ ನಮ್ಮ ಘಟ್ಟದ ಮರಗಳು ಬೇರುಸಮೇತ ಹೋದವು.

ಮರದೊಳಗಿನ ಶಿಲೀಂಧ್ರವೂ ಕ್ಯಾಂಪ್ಟೊಥೆಸಿನ್ ತಯಾರಿಸುತ್ತದೆಂದು ಗೊತ್ತಾದಾಗ ಆಸೆ ಚಿಗುರಿತು. ಟೊಂಗೆಯ ಹೊರಮೈ ಶುದ್ಧಮಾಡಿ, ತುಂಡರಿಸಿ, ಶಿಲೀಂಧ್ರ ಬೆಳೆಸುವ ಅಗರ್ ತಟ್ಟೆಗಿಟ್ಟರೆ ಒಳಗಿನ ಶಿಲೀಂಧ್ರ ನೂಲುನೂಲಾಗಿ ಹೊರಬರುತ್ತದೆ. ತೊಂದರೆ ಆಮೇಲಿನದು. ನಿನ್ನೆಯ ಮೊಸರಿಂದ ಇವತ್ತಿನ ಹಾಲಿಗೆ ಹೆಪ್ಪು ಹಾಕಿದಂತೆ ತಟ್ಟೆಯಿಂದ ತಟ್ಟೆಗೆ ದಾಟಿಸುತ್ತ ಹೋದರೆ, ಶಿಲೀಂಧ್ರ ದಷ್ಟಪುಷ್ಟವಾಗಿ ಬೆಳೆಯುತ್ತದೆ, ಔಷಧ ಮಾತ್ರ ಇಳಿಯುತ್ತ ಬರುತ್ತದೆ.

ಇಳಿದದ್ದನ್ನು ಏರಿಸಲು ತಂಡ ಎರಡು ದಾರಿ ಹಿಡಿಯಿತು. ಒಂದು, ಶಿಲೀಂಧ್ರವನ್ನು ಮತ್ತೆ ತವರಿನಂಥ ಗಿಡದೊಳಗೆ ಸೇರಿಸಿ ಹೊರತೆಗೆಯುವುದು. ಇನ್ನೊಂದು, 5-ಅಜಾಸೈಟಿಡಿನ್ ಎಂಬ ರಾಸಾಯನಿಕ ಬೆರೆಸಿ ಬೆಳೆಸುವುದು. ಎರಡರಲ್ಲೂ ಔಷಧದ ಪ್ರಮಾಣ ಏರಿತು. 2015ರಲ್ಲಿ ವರದಿ ಪ್ರಕಟವಾಯಿತು. ವಂಶವಾಹಿ ಕಳೆದುಹೋಗಿರಲಿಲ್ಲ, ಅದರ ಮೇಲೆ ಮೀಥೈಲ್ ಗುಂಪುಗಳು ಕೂತು ಬಾಯಿ ಕಟ್ಟಿದ್ದಿರಬೇಕು ಎಂಬುದು ಅವರ ಊಹೆ. ಅಜಾಸೈಟಿಡಿನ್ ಆ ಗುಂಪುಗಳು ಕೂರದಂತೆ ತಡೆಯುತ್ತದೆ. ಅದೂ ರಕ್ತದ ಕಾಯಿಲೆಗೆ ಕೊಡುವ ಕ್ಯಾನ್ಸರ್ ಔಷಧವೇ ಎಂಬುದು ನನಗಂತೂ ತಮಾಷೆಯಾಗಿ ಕಂಡಿತು.

ಜರ್ಮನಿಯ ಯೇನಾದಲ್ಲಿ 2009ರಲ್ಲಿ ಇನ್ನೊಂದು ಉಪಾಯ ಫಲಿಸಿತ್ತು. ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ಮೈಗೆ ಮೈ ತಾಗಿಸಿದೊಡನೆ ಆಸ್ಪರ್ಜಿಲಸ್ ಶಿಲೀಂಧ್ರದ ಸುಮ್ಮನಿದ್ದ ವಂಶವಾಹಿಗಳು ಎಚ್ಚೆತ್ತವು. ಮೊದಲ ಮಳೆಗೆ ಬಾದಾಮಿಯ ನೆಲ ಬೀರುವ ವಾಸನೆಯಲ್ಲೂ ಈ ಬ್ಯಾಕ್ಟೀರಿಯಾ ಕುಲದ ಪಾಲು ದೊಡ್ಡದು.

ಕ್ಯಾಂಪ್ಟೊಥೆಸಿನ್ ಮಾಡುವ ಪೂರ್ತಿ ವಿದ್ಯೆ ಶಿಲೀಂಧ್ರಕ್ಕೇ ಇದೆಯೇ ಎಂದು ಅನುಮಾನಿಸುವ ವಿಜ್ಞಾನಿಗಳಿದ್ದಾರೆ. ಆ ಜಗಳ ಬಗೆಹರಿಯಲಿ. ಹುನಗುಂದದ ಬದುವಿನ ಬೇವಿನಲ್ಲಿ, ಬಾದಾಮಿ ಗುಡ್ಡದ ಕವಳಿಯಲ್ಲಿ ಕೂಡ ಇಂಥ ಒಳವಾಸಿಗಳು ಇದ್ದೇ ಇರುತ್ತವೆ. ಬಾಗಲಕೋಟೆಗೆ ತೋಟಗಾರಿಕೆ ವಿಶ್ವವಿದ್ಯಾಲಯ ಬಂದದ್ದು 2008ರಲ್ಲಿ. ಅಲ್ಲಿನ ಯಾರಾದರೂ ಹುಡುಗ ಹುಡುಗಿಯರು ಈ ಗಿಡಗಳ ಒಂದೊಂದು ಟೊಂಗೆಯನ್ನು ಅಗರ್ ತಟ್ಟೆಗಿಟ್ಟು, ಹೊರಬಂದದ್ದನ್ನು ಎಬ್ಬಿಸಿ ನೋಡಬಾರದೇ ಎಂದು ಮನಸ್ಸು ಕೇಳುತ್ತದೆ.